ಮೆಚ್ಚಿನ ಹಾಸ್ಯ ಧಾರಾವಾಹಿ ಮರಳಿ ಬಂದಾಗ ಖುಷಿಯೂ ಮುನಿಸೂ ಒಟ್ಟಿಗೇ ಏಕೆ?

"ನಾವು ನೋಡ್ತಿದ್ವಲ್ಲ, ಆ ಧಾರಾವಾಹಿ ಮತ್ತೆ ಬರುತ್ತಂತೆ!"

ಇಂಥ ಸುದ್ದಿ ಕಿವಿಗೆ ಬಿದ್ದ ದಿನ ಏನಾಗುತ್ತದೆಂದು ನೆನಪಿಸಿಕೊಳ್ಳಿ. ಮನೆಯವರ ವಾಟ್ಸಾಪ್ ಗುಂಪಿಗೆ ಸುದ್ದಿ ತಲುಪುತ್ತದೆ. ವರ್ಷಗಟ್ಟಲೆ ಮಾತಿಲ್ಲದ ಕಾಲೇಜು ಗೆಳೆಯನೊಬ್ಬ ಹಳೆಯ ಡೈಲಾಗ್ ಬರೆದು ಕಳಿಸುತ್ತಾನೆ. ನಮಗೇ ಗೊತ್ತಿಲ್ಲದಂತೆ ಶೀರ್ಷಿಕೆ ಗೀತೆ ಗುನುಗಿಕೊಳ್ಳುತ್ತಿರುತ್ತೇವೆ. ಕೆಲವು ತಿಂಗಳ ನಂತರ ಹೊಸ ಕಂತು ಬರುತ್ತದೆ. ಮೊದಲ ಹತ್ತು ನಿಮಿಷ ಮುಖದ ಮೇಲಿನ ನಗು ಮಾಸುವುದಿಲ್ಲ. ಎರಡನೆಯ ಕಂತಿನ ಹೊತ್ತಿಗೆ ಅದೇ ಗುಂಪಿನಲ್ಲಿ ಇನ್ನೊಂದು ಮಾತು ಕಾಣಿಸಿಕೊಳ್ಳುತ್ತದೆ: "ಯಾಕೋ ಮೊದಲಿನ ಮಜಾ ಇಲ್ಲ ಕಣ್ರೀ."

ಇದು ಯಾವುದೋ ಒಂದು ಊರಿನ, ಒಂದು ಭಾಷೆಯ ಕಥೆಯಲ್ಲ. ಈಟಿವಿ ಕನ್ನಡದ ದಿನಗಳಲ್ಲಿ ಮನೆಮಾತಾಗಿದ್ದ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂತು. ಹಿಂದಿಯ 'ಸಾರಾಭಾಯ್ ವರ್ಸಸ್ ಸಾರಾಭಾಯ್' 2006ರಲ್ಲಿ ಮುಗಿದು, 2017ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಎರಡನೆಯ ಅವತಾರ ಎತ್ತಿತು. ಅಮೆರಿಕದಲ್ಲಂತೂ ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಇದೊಂದು ಸಾಲೇ ಆಗಿದೆ: 'ಅರೆಸ್ಟೆಡ್ ಡೆವಲಪ್‌ಮೆಂಟ್', 'ಫುಲ್ಲರ್ ಹೌಸ್', 'ವಿಲ್ ಅಂಡ್ ಗ್ರೇಸ್', 'ರೋಸಾನ್', 'ಫ್ರೇಷಿಯರ್'. ಹೆಚ್ಚುಕಡಿಮೆ ಪ್ರತಿ ಸಲವೂ ಅಭಿಮಾನಿಗಳ ಪ್ರತಿಕ್ರಿಯೆ ಒಂದೇ ಬಗೆಯದು. ಮೊದಲು ಸಂಭ್ರಮ, ಆಮೇಲೆ ಗೊಣಗಾಟ.

ಇದಕ್ಕೆ ಕಾರಣ ಹೊಸ ಕಂತುಗಳು ಕಳಪೆಯಾಗಿರುವುದೇ? ಅಥವಾ ಅಭಿಮಾನಿಗಳಿಗೆ ಯಾವುದೂ ರುಚಿಸುವುದಿಲ್ಲವೇ? ಮನೋವಿಜ್ಞಾನ ಮತ್ತು ಮಾಧ್ಯಮ ಅಧ್ಯಯನಗಳು ಹೇಳುವುದನ್ನು ನೋಡಿದರೆ ಉತ್ತರ ಇವೆರಡಕ್ಕಿಂತ ಕುತೂಹಲಕರವಾಗಿದೆ.

ಬೇರೆ ಕಥೆಗಳಿಗಿಲ್ಲದ ಸೆಳೆತ ಸಿಟ್‌ಕಾಮ್‌ಗೆ ಏಕೆ?

'ಸಿಚುಯೇಶನ್ ಕಾಮಿಡಿ' ಎಂಬುದರ ಚಿಕ್ಕ ರೂಪ ಸಿಟ್‌ಕಾಮ್. ಅವೇ ಐದಾರು ಪಾತ್ರಗಳು, ಅದೇ ಮನೆ ಅಥವಾ ಅದೇ ಕಾಫಿ ಅಂಗಡಿ, ಪ್ರತಿ ಕಂತಿನಲ್ಲೂ ಹೊಸದೊಂದು ಪೇಚಾಟ. ಅರ್ಧ ಗಂಟೆಯೊಳಗೆ ಪೇಚು ಬಿಡಿಸಿಕೊಂಡು ಎಲ್ಲವೂ ಮೊದಲಿನಂತಾಗುತ್ತದೆ. ಸಿನಿಮಾ ಆದರೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರೆಂದು ತಿಳಿದರೆ ಕುತೂಹಲ ಇಳಿಯುತ್ತದೆ. ಸಿಟ್‌ಕಾಮ್‌ನಲ್ಲಿ ಮುಂದೇನಾಗುತ್ತದೆ ಎಂಬುದಕ್ಕಿಂತ ಆ ಜನರ ಜೊತೆ ಸ್ವಲ್ಪ ಹೊತ್ತು ಕಳೆಯುವುದೇ ಮುಖ್ಯ.

ಆ 'ಸ್ವಲ್ಪ ಹೊತ್ತು' ಕೂಡಿಸಿದರೆ ಎಷ್ಟಾಗುತ್ತದೆ? 1994ರಿಂದ 2004ರವರೆಗೆ ನಡೆದ 'ಫ್ರೆಂಡ್ಸ್' ಧಾರಾವಾಹಿಯ ಕಂತುಗಳು 236. ಒಂದೊಂದಕ್ಕೆ 22 ನಿಮಿಷ ಎಂದು ಹಿಡಿದರೂ ಒಟ್ಟು 86 ಗಂಟೆಗೂ ಹೆಚ್ಚು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಸಂಶೋಧಕರು, ಇಬ್ಬರು ಅಪರಿಚಿತರು ಗೆಳೆಯರಾಗಲು ಎಷ್ಟು ಹೊತ್ತು ಜೊತೆಗಿರಬೇಕು ಎಂದು ಲೆಕ್ಕ ಹಾಕಿದ್ದಾರೆ. ಅವರ ಅಂದಾಜಿನಂತೆ ಮುಖಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನಕ್ಕೆ ಸುಮಾರು 90 ಗಂಟೆ, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಬೇಕು. ಟಿವಿ ಪಾತ್ರಗಳಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಒಂದು ಧಾರಾವಾಹಿಯನ್ನು ಎರಡು-ಮೂರು ಸಲ ನೋಡಿದವರು ಆ ಪಾತ್ರಗಳ ಜೊತೆ ಎಷ್ಟು ಹೊತ್ತು ಕಳೆದಿರುತ್ತಾರೆ ಎಂಬ ಅಂದಾಜು ಇದರಿಂದ ಸಿಗುತ್ತದೆ.

ನಮ್ಮ ಪರಿಚಯವೇ ಇಲ್ಲದವರು ನಮ್ಮವರಾಗುವುದು ಹೇಗೆ?

1956ರಲ್ಲಿ, ಟಿವಿ ಇನ್ನೂ ಹೊಸದಾಗಿದ್ದಾಗಲೇ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಒಂದು ವಿಚಿತ್ರವನ್ನು ಗಮನಿಸಿದರು. ಪರದೆಯ ಮೇಲೆ ದಿನವೂ ಕಾಣುವ ವ್ಯಕ್ತಿಯನ್ನು ಜನ ತಮ್ಮ ಪರಿಚಯದವರಂತೆ ಭಾವಿಸತೊಡಗುತ್ತಾರೆ. ಆ ವ್ಯಕ್ತಿಗೆ ಇವರು ಯಾರೆಂದೇ ಗೊತ್ತಿರುವುದಿಲ್ಲ. ಈ ಏಕಮುಖ ನಂಟಿಗೆ ಅವರು 'ಪ್ಯಾರಾಸೋಶಿಯಲ್' ಎಂಬ ಹೆಸರು ಕೊಟ್ಟರು.

ಇದು ಹುಚ್ಚಲ್ಲ, ಮಿದುಳಿನ ದೋಷವೂ ಅಲ್ಲ. ಮನುಷ್ಯರ ಇತಿಹಾಸದ ಬಹುಪಾಲು ಕಾಲ, ದಿನವೂ ಮುಖ ಕಾಣುತ್ತಿದ್ದವರು ಮನೆಯವರು ಅಥವಾ ನೆರೆಹೊರೆಯವರೇ ಆಗಿದ್ದರು. ದಿನವೂ ಕಾಣುವ ಮುಖದ ಮೇಲೆ ನಂಟು ಬೆಳೆಸಿಕೊಳ್ಳುವುದು ನಮಗೆ ಸಹಜ. ಆ ಮುಖ ಹಜಾರದ ಟಿವಿಯೊಳಗಿದೆ ಎಂಬುದು ಬುದ್ಧಿಗೆ ಗೊತ್ತಿದ್ದರೂ ಭಾವನೆ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರ ಜೊತೆಗೆ, ಮತ್ತೆ ಮತ್ತೆ ಕಂಡದ್ದೇ ಇಷ್ಟವಾಗತೊಡಗುತ್ತದೆ ಎಂಬುದನ್ನು ರಾಬರ್ಟ್ ಝಯಾಂಕ್ ಎಂಬ ಮನೋವಿಜ್ಞಾನಿ 1968ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರು.

ಧಾರಾವಾಹಿಯಲ್ಲಿ ಕೇಳಿಬರುವ ನಗುವಿನ ಅಲೆಗೂ ಇಲ್ಲೊಂದು ಪಾತ್ರವಿದೆ. "ಆ ನಗು ಎಂದೋ ಸತ್ತುಹೋದವರದು, ಹಳೆಯ ಟೇಪಿನಿಂದ ಹಾಕುತ್ತಾರೆ" ಎಂಬ ಮಾತನ್ನು ನೀವು ಕೇಳಿರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ಎಂಜಿನಿಯರ್ 1950ರ ದಶಕದಲ್ಲಿ ಮೊದಲೇ ಮುದ್ರಿಸಿಟ್ಟ ನಗುವನ್ನು ಬೇಕೆಂದಾಗ ಸೇರಿಸುವ ಯಂತ್ರವೊಂದನ್ನು ಮಾಡಿದ್ದರು, ಮುಂದೆ ಹಲವು ಧಾರಾವಾಹಿಗಳು ಅದನ್ನು ಬಳಸಿದವು. ಆದರೆ 'ಫ್ರೆಂಡ್ಸ್', 'ಫ್ರೇಷಿಯರ್' ಮುಂತಾದವುಗಳ ಚಿತ್ರೀಕರಣ ನಡೆದದ್ದು ಸ್ಟುಡಿಯೋದಲ್ಲಿ ಕುಳಿತ ನಿಜವಾದ ಪ್ರೇಕ್ಷಕರ ಮುಂದೆ. ನಗು ಎಲ್ಲಿಂದಲೇ ಬರಲಿ, ಅದು ಮಾಡುವ ಕೆಲಸ ಒಂದೇ: ಒಂಟಿಯಾಗಿ ನೋಡುತ್ತಿರುವವರಿಗೂ ಜೊತೆಯಲ್ಲಿ ಯಾರೋ ಇದ್ದಾರೆ ಎನಿಸುವಂತೆ ಮಾಡುವುದು. ನಗುವಿನ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ, ಟಿವಿಯಂತಹ ಸಾಧನವೂ ಇಲ್ಲದೆ ಒಬ್ಬರೇ ಇರುವಾಗಿನದಕ್ಕಿಂತ ನಾಲ್ಕು ಜನರ ನಡುವೆ ನಾವು ನಗುವ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚು. ನಗು ಮೂಲತಃ ಜೊತೆಗಾರರ ನಡುವಿನ ವ್ಯವಹಾರ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಧಾರಾವಾಹಿ ಮುಗಿದದ್ದಕ್ಕೆ ದುಃಖಪಡುವುದು ಅತಿಯಾಯಿತೇ?

"ಬರೀ ಟಿವಿ ಕಾರ್ಯಕ್ರಮಕ್ಕೆ ಅಳುವುದೇ?" ಎಂದು ಮನೆಯಲ್ಲಿ ಗೇಲಿ ಮಾಡುವವರು ಇದ್ದೇ ಇರುತ್ತಾರೆ. 2004ರ ಮೇ 6ರಂದು 'ಫ್ರೆಂಡ್ಸ್'ನ ಕೊನೆಯ ಕಂತು ಪ್ರಸಾರವಾದಾಗ ಅಮೆರಿಕದಲ್ಲಿ ಅದನ್ನು ನೋಡಿದವರು ಸುಮಾರು 5.25 ಕೋಟಿ ಜನ. ಕೆರೆನ್ ಎಯಲ್ ಮತ್ತು ಜೊನಾಥನ್ ಕೋಹೆನ್ ಎಂಬ ಸಂಶೋಧಕರು ಆ ಸಂದರ್ಭವನ್ನೇ ಬಳಸಿಕೊಂಡು ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿದರು. ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ಮೆಚ್ಚಿನ ಪಾತ್ರದ ಜೊತೆ ನಂಟು ಗಾಢವಾಗಿದ್ದಷ್ಟೂ ಅಗಲಿಕೆಯ ನೋವು ಹೆಚ್ಚಿತ್ತು. ಒಂಟಿತನ ಅನುಭವಿಸುತ್ತಿದ್ದವರಲ್ಲಿ ಆ ನೋವು ಇನ್ನಷ್ಟು ಕಾಣಿಸಿತು. ಹಾಗೆಂದು ಅದು ನಿಜಜೀವನದ ಸಂಬಂಧವೊಂದು ಮುರಿದುಬಿದ್ದಾಗಿನಷ್ಟು ತೀವ್ರವಾಗಿರಲಿಲ್ಲ. ಅಂದರೆ ದುಃಖ ನಿಜ, ಆದರೆ ಅದಕ್ಕೊಂದು ಮಿತಿಯಿದೆ.

2007ರ ನವೆಂಬರ್‌ನಿಂದ 2008ರ ಫೆಬ್ರವರಿಯವರೆಗೆ ಅಮೆರಿಕದ ಟಿವಿ ಬರಹಗಾರರು ಮುಷ್ಕರ ಹೂಡಿದಾಗ ಹಲವು ಧಾರಾವಾಹಿಗಳು ನಡುವೆಯೇ ನಿಂತವು. ಮರಳಿ ಬರುವುದು ಖಚಿತವಿದ್ದ ಈ ತಾತ್ಕಾಲಿಕ ಅಗಲಿಕೆಯಲ್ಲೂ ನೋಡುಗರಿಗೆ ಕಸಿವಿಸಿಯಾಗಿತ್ತೆಂದು ಇನ್ನೊಂದು ಅಧ್ಯಯನ ದಾಖಲಿಸಿದೆ.

ಈ ನಂಟಿನ ಆಳ ಎದ್ದು ಕಂಡದ್ದು 2023ರ ಅಕ್ಟೋಬರ್ 28ರಂದು. 'ಫ್ರೆಂಡ್ಸ್'ನಲ್ಲಿ ಚಾಂಡ್ಲರ್ ಪಾತ್ರ ಮಾಡಿದ್ದ ಮ್ಯಾಥ್ಯೂ ಪೆರಿ ತೀರಿಕೊಂಡಾಗ, ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿರುವ ಒಂದು ಕಟ್ಟಡದ ಮುಂದೆ ಜನ ಹೂಗುಚ್ಛ ತಂದಿಟ್ಟರು. ಧಾರಾವಾಹಿಯಲ್ಲಿ ಆ ಗೆಳೆಯರ ಮನೆಯೆಂದು ತೋರಿಸುತ್ತಿದ್ದದ್ದು ಆ ಕಟ್ಟಡದ ಹೊರನೋಟವನ್ನು ಮಾತ್ರ. ಒಳಗಿನ ದೃಶ್ಯಗಳೆಲ್ಲ ತಯಾರಾದದ್ದು ಸಾವಿರಾರು ಕಿಲೋಮೀಟರ್ ದೂರದ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ. ಹೂ ಇಟ್ಟವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಕ್ಕೂ ಸಾಕು. ಆದರೂ ನೋವು ಹೇಳಿಕೊಳ್ಳಲು ಒಂದು ಬಾಗಿಲು ಬೇಕಿತ್ತು.

ಹೀಗಿರುವಾಗ, ಮುಗಿದುಹೋಗಿದ್ದ ಧಾರಾವಾಹಿ ಮತ್ತೆ ಬರುತ್ತದೆ ಎಂಬ ಸುದ್ದಿ ದೂರದೂರಿಗೆ ಹೋಗಿದ್ದವರು ಮನೆಗೆ ಬರುತ್ತಾರೆ ಎಂಬಷ್ಟೇ ಸಂತಸ ಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ನೆನಪಿನಲ್ಲಿ ಮುಳುಗುವುದು ಕಾಯಿಲೆಯೇ?

ಒಂದು ಕಾಲದಲ್ಲಿ ವೈದ್ಯರು ಹಾಗೆಂದೇ ನಂಬಿದ್ದರು. 'ನೊಸ್ಟಾಲ್ಜಿಯಾ' ಎಂಬ ಪದವನ್ನು ಹುಟ್ಟುಹಾಕಿದ್ದು ಯೊಹಾನ್ನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ, 1688ರಲ್ಲಿ. ಗ್ರೀಕ್ ಭಾಷೆಯ 'ಮರಳಿ ಮನೆಗೆ' ಮತ್ತು 'ನೋವು' ಎಂಬ ಅರ್ಥದ ಪದಗಳನ್ನು ಜೋಡಿಸಿ, ಊರು ಬಿಟ್ಟು ದೂರವಿದ್ದವರಲ್ಲಿ ಕಾಣುವ ಒಂದು ರೋಗದ ಹೆಸರಾಗಿ ಅವನು ಅದನ್ನು ಬಳಸಿದ್ದ.

ಇಂದಿನ ತಿಳಿವಳಿಕೆ ಬೇರೆಯೇ ಇದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವಿಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕೈಡಿಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಮುಖ್ಯ ಸಂಗತಿಗಳನ್ನು ತೋರಿಸಿತು. ಒಂದು, ಹಳೆಯ ನೆನಪುಗಳು ಹೆಚ್ಚಾಗಿ ನುಗ್ಗಿ ಬರುವುದು ಮನಸ್ಸು ಕುಗ್ಗಿದಾಗ, ಅದರಲ್ಲೂ ಒಂಟಿತನ ಕಾಡಿದಾಗ. ಎರಡು, ಆ ನೆನಪುಗಳ ತುಂಬ ಇರುವುದು ವಸ್ತುಗಳಲ್ಲ, ಜನ. ಹತ್ತಿರದವರ ಜೊತೆ ಕಳೆದ ಗಳಿಗೆಗಳೇ ಅವುಗಳ ತಿರುಳು. ಹಾಗೆ ನೆನೆಸಿಕೊಂಡ ಮೇಲೆ ಜನರಿಗೆ ತಾವು ಒಂಟಿಯಲ್ಲ ಎಂಬ ಭಾವ ಹೆಚ್ಚಾಗುತ್ತಿತ್ತು. ಅಂದರೆ ನೊಸ್ಟಾಲ್ಜಿಯಾ ರೋಗವಾಗಿರುವುದಕ್ಕಿಂತ ಹೆಚ್ಚಾಗಿ, ಮನಸ್ಸು ತನಗೆ ತಾನೇ ಮಾಡಿಕೊಳ್ಳುವ ಮನೆಮದ್ದಿನಂತೆ ಕೆಲಸ ಮಾಡುತ್ತದೆ.

ಧಾರಾವಾಹಿಯ ವಿಷಯಕ್ಕೆ ಇದನ್ನು ಅನ್ವಯಿಸಿ ನೋಡಿ. 'ಪಾಪ ಪಾಂಡು' ಅಥವಾ 'ಸಿಲ್ಲಿ ಲಲ್ಲಿ' ಎಂದಾಗ ಕಣ್ಣೆದುರು ಬರುವುದು ಬರೀ ಆ ಪಾತ್ರಗಳಲ್ಲ. ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, ನಗು ತಡೆದುಕೊಂಡು ಪೇಪರ್ ಓದುತ್ತಿರುವಂತೆ ನಟಿಸುತ್ತಿದ್ದ ಅಪ್ಪ, ಕರೆಂಟ್ ಹೋದಾಗ ಮನೆಮಂದಿಯೆಲ್ಲ ಒಟ್ಟಿಗೆ ಹಾಕಿದ ಶಾಪ, ಮರುದಿನ ಶಾಲೆಯಲ್ಲಿ ಅದೇ ಡೈಲಾಗ್ ಹೇಳಿ ನಗಿಸಿದ ಗೆಳತಿ. ಧಾರಾವಾಹಿ ಈ ನೆನಪುಗಳ ಬುತ್ತಿ ಕಟ್ಟಿದ ಬಟ್ಟೆ. ಬುತ್ತಿಯೊಳಗಿನ ಊಟ ಬೇರೆ.

'ಆಗಿನ ಕಾಲದ ಧಾರಾವಾಹಿಗಳೇ ಚೆನ್ನ' ಎಂಬುದು ಎಷ್ಟು ನಿಜ?

ಈ ಮಾತಿನ ಹಿಂದೆ ನೆನಪಿನ ಮೂರು ಚಮತ್ಕಾರಗಳಿವೆ.

ಮೊದಲನೆಯದು, 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆ. ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತು ಸಂಗಡಿಗರು ಪ್ರವಾಸಕ್ಕೆ ಹೊರಟವರನ್ನು ಮೂರು ಹಂತಗಳಲ್ಲಿ ಪ್ರಶ್ನಿಸಿದರು: ಹೊರಡುವ ಮುನ್ನ, ಪ್ರವಾಸದ ನಡುವೆ, ಮರಳಿ ಬಂದ ಮೇಲೆ. ಅವರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ಪ್ರವಾಸ ಮಾಡಿದವರೂ ಇದ್ದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮುಂಚಿನ ನಿರೀಕ್ಷೆಯೂ ಆಮೇಲಿನ ನೆನಪೂ ಸೊಗಸಾಗಿದ್ದವು, ಪ್ರವಾಸ ನಡೆಯುತ್ತಿದ್ದಾಗಿನ ಅನುಭವ ಮಾತ್ರ ಅಷ್ಟು ಸೊಗಸಾಗಿರಲಿಲ್ಲ. ಬಿಸಿಲು, ಆಯಾಸ, ಸಣ್ಣಪುಟ್ಟ ಕಿರಿಕಿರಿಗಳನ್ನು ನೆನಪು ಬೇಗನೆ ಸೋಸಿ ಹಾಕುತ್ತದೆ.

ಮರಳಿ ಬರುವ ಧಾರಾವಾಹಿ ಸಿಕ್ಕಿಕೊಳ್ಳುವುದು ಸರಿಯಾಗಿ ಈ ಎರಡರ ನಡುವೆ. ಅದು ಒಂದು ಕಡೆ ನುಣ್ಣಗಾದ ನೆನಪಿನ ಜೊತೆ, ಇನ್ನೊಂದು ಕಡೆ ನುಣ್ಣಗಾದ ನಿರೀಕ್ಷೆಯ ಜೊತೆ ಸ್ಪರ್ಧಿಸಬೇಕು. ಹೊಸ ಕಂತನ್ನು ಮಾತ್ರ ನಾವು ಹತ್ತಿರದಿಂದ, ಎಲ್ಲ ಕಲ್ಲುಮುಳ್ಳುಗಳ ಸಮೇತ ನೋಡುತ್ತೇವೆ.

ಎರಡನೆಯದು, ಕಾಲದ ಜರಡಿ. 1990ರ ದಶಕದಲ್ಲಿ ಬಂದು ಕೆಲವೇ ವಾರಗಳಲ್ಲಿ ಮಾಯವಾದ ಕಳಪೆ ಹಾಸ್ಯ ಧಾರಾವಾಹಿಗಳು ಬೇಕಾದಷ್ಟಿವೆ. ಅವು ಯಾರಿಗೂ ನೆನಪಿಲ್ಲ. ಉಳಿದಿರುವುದು ಆಯ್ದ ಕಾಳು. ಆ ಆಯ್ದ ಕಾಳನ್ನು ಇಂದಿನ ಕೇರದ ರಾಶಿಯ ಪಕ್ಕಕ್ಕಿಟ್ಟು ತೂಗಿದರೆ ಹಳೆಯದೇ ಗೆಲ್ಲುತ್ತದೆ. ಅಷ್ಟೇ ಅಲ್ಲ, ಮೆಚ್ಚಿನ ಧಾರಾವಾಹಿಯಲ್ಲೂ ಸಪ್ಪೆ ಕಂತುಗಳಿದ್ದವು, ಅವನ್ನೂ ಮರೆತಿದ್ದೇವೆ.

ಮೂರನೆಯದು, ನಮ್ಮ ವಯಸ್ಸು. ನಡುವಯಸ್ಸು ದಾಟಿದವರಿಗೆ ಬದುಕಿನ ಘಟನೆಗಳನ್ನು ನೆನೆಯಲು ಹೇಳಿದರೆ, ಹದಿಹರೆಯದಿಂದ ಇಪ್ಪತ್ತರ ದಶಕದವರೆಗಿನ ನೆನಪುಗಳೇ ದಂಡಿಯಾಗಿ ಬರುತ್ತವೆ. ಮನೋವಿಜ್ಞಾನಿಗಳು ಇದನ್ನು 'ನೆನಪಿನ ಉಬ್ಬು' ಎನ್ನುತ್ತಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡು, ನೋಡಿದ ಸಿನಿಮಾ, ಮೆಚ್ಚಿದ ಧಾರಾವಾಹಿಗೆ ಜೀವನಪೂರ್ತಿ ಒಂದು ವಿಶೇಷ ಸ್ಥಾನ.

ಹಾಗಾದರೆ 2004ರ ನಂತರ ಹುಟ್ಟಿದ ಮಕ್ಕಳೂ 'ಫ್ರೆಂಡ್ಸ್' ಎಂದರೆ ಪ್ರಾಣ ಬಿಡುವುದೇಕೆ? ಓಟಿಟಿ ಒಂದು ಕಾರಣ, ಮನೆ ಇನ್ನೊಂದು ಕಾರಣವಿರಬಹುದು. ಕ್ಯಾರೊಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಜನಪ್ರಿಯ ಹಾಡುಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಕಾಲೇಜು ವಯಸ್ಸಿನವರಿಗೆ ತಮ್ಮ ಕಾಲದ ಹಾಡುಗಳಷ್ಟೇ ಅಲ್ಲದೆ ತಮ್ಮ ಹೆತ್ತವರ ಯೌವನದ ಹಾಡುಗಳ ಮೇಲೂ ಆಪ್ತಭಾವ ಇರುವುದು ಕಂಡಿತು. ಅದು ಹಾಡುಗಳ ಕುರಿತ ಅಧ್ಯಯನವಾದರೂ, ಅಪ್ಪ-ಅಮ್ಮ ನೋಡಿ ನಕ್ಕ ಧಾರಾವಾಹಿ ಮಕ್ಕಳಿಗೂ ಪಿತ್ರಾರ್ಜಿತವಾಗುವುದನ್ನು ನಾವು ಮನೆಗಳಲ್ಲಿ ಕಾಣುತ್ತಲೇ ಇದ್ದೇವೆ.

ಮರಳಿ ಬಂದವರು ಎಡವಿದ್ದೆಲ್ಲಿ?

ಎಲ್ಲ ದೂರನ್ನೂ ನೆನಪಿನ ತಲೆಗೆ ಕಟ್ಟುವುದು ಸರಿಯಲ್ಲ. ಕೆಲವು ಸಲ ಹೊಸ ಅವತಾರದಲ್ಲಿ ನಿಜಕ್ಕೂ ಏನೋ ಕಡಿಮೆಯಾಗಿರುತ್ತದೆ.

'ಅರೆಸ್ಟೆಡ್ ಡೆವಲಪ್‌ಮೆಂಟ್' ಅನ್ನು ಫಾಕ್ಸ್ ವಾಹಿನಿ 2006ರಲ್ಲಿ ನಿಲ್ಲಿಸಿತ್ತು. 2013ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಮತ್ತೆ ತಂದಾಗ ಅದರ ನಟರೆಲ್ಲ ಬೇರೆ ಬೇರೆ ಕೆಲಸಗಳಲ್ಲಿ ತೊಡಗಿದ್ದರು, ಎಲ್ಲರನ್ನೂ ಒಂದೇ ದಿನ ಒಂದೇ ಕಡೆ ಸೇರಿಸುವುದು ಕಷ್ಟವಾಗಿತ್ತು. ಹಾಗಾಗಿ ಒಂದೊಂದು ಕಂತನ್ನು ಒಂದೊಂದು ಪಾತ್ರದ ಸುತ್ತ ಹೆಣೆದರು. ಜಗಳವಾಡುತ್ತಲೇ ಒಟ್ಟಿಗಿದ್ದ ಕುಟುಂಬವೇ ಆ ಧಾರಾವಾಹಿಯ ಜೀವಾಳವಾಗಿತ್ತು. ಅಭಿಮಾನಿಗಳ ದೂರು ಕೇಳಿದ ತಂಡ 2018ರಲ್ಲಿ ಅವೇ ದೃಶ್ಯಗಳನ್ನು ಮರುಜೋಡಿಸಿ, 15 ಕಂತುಗಳನ್ನು 22 ಮಾಡಿ ಬಿಡುಗಡೆ ಮಾಡಿತು.

'ಫ್ರೇಷಿಯರ್' 2004ರಲ್ಲಿ ಮುಗಿದು 2023ರಲ್ಲಿ ಮರಳಿತು. ಕೆಲ್ಸಿ ಗ್ರಾಮರ್ ಅದೇ ಮನೋವೈದ್ಯನ ಪಾತ್ರದಲ್ಲಿದ್ದರು. ಆದರೆ ತಂದೆಯ ಪಾತ್ರ ಮಾಡಿದ್ದ ಜಾನ್ ಮಹೋನಿ 2018ರಲ್ಲೇ ತೀರಿಕೊಂಡಿದ್ದರು, ತಮ್ಮನ ಪಾತ್ರದ ಡೇವಿಡ್ ಹೈಡ್ ಪಿಯರ್ಸ್ ಮರಳಿ ಬರಲು ಒಪ್ಪಿರಲಿಲ್ಲ. ಕಥೆ ನಡೆಯುವ ಊರೂ ಸಿಯಾಟಲ್‌ನಿಂದ ಬಾಸ್ಟನ್‌ಗೆ ಬದಲಾಗಿತ್ತು. ಹಳೆಯದು 11 ಸೀಸನ್ ನಡೆದಿತ್ತು, ಹೊಸದು ಎರಡಕ್ಕೇ ನಿಂತಿತು. ಅಭಿಮಾನಿಗಳು ಕಾದಿದ್ದದ್ದು ಫ್ರೇಷಿಯರ್ ಎಂಬ ಒಬ್ಬ ಮನುಷ್ಯನಿಗಾಗಿ ಅಲ್ಲ, ಅಪ್ಪ ಮತ್ತು ಅಣ್ಣತಮ್ಮಂದಿರ ನಡುವಿನ ಕಿತ್ತಾಟಕ್ಕಾಗಿ.

'ವಿಲ್ ಅಂಡ್ ಗ್ರೇಸ್' ಎದುರಿಸಿದ್ದು ಇನ್ನೊಂದು ತೊಡಕನ್ನು. 2006ರ ಕೊನೆಯ ಕಂತಿನಲ್ಲಿ ಇಬ್ಬರು ಗೆಳೆಯರೂ ದೂರವಾಗಿ, ಅವರವರ ಮಕ್ಕಳು ಬೆಳೆದು ದೊಡ್ಡವರಾದದ್ದನ್ನು ತೋರಿಸಿಬಿಟ್ಟಿದ್ದರು. 2017ರಲ್ಲಿ ಮರಳಿ ಬಂದಾಗ ಅದೆಲ್ಲ ಇನ್ನೊಂದು ಪಾತ್ರ ಕಂಡ ಕನಸು ಎಂದು ತಳ್ಳಿಹಾಕಿದರು. ಹಾಸ್ಯ ಮುಂದುವರಿಯಲು ಪಾತ್ರಗಳು ಬದಲಾಗದೆ ಇರಬೇಕು, ಆದರೆ ನೋಡುಗರ ಬದುಕಿನಲ್ಲಿ ಹನ್ನೊಂದು ವರ್ಷ ಕಳೆದಿರುತ್ತದೆ. ಈ ಇಕ್ಕಟ್ಟಿನಿಂದ ಯಾವ ಮರುಪ್ರವೇಶಕ್ಕೂ ಬಿಡುಗಡೆಯಿಲ್ಲ. ಪಾತ್ರಗಳು ಬದಲಾದರೆ "ಇವರು ನಮ್ಮವರಲ್ಲ" ಎನ್ನುತ್ತೇವೆ. ಬದಲಾಗದಿದ್ದರೆ "ಇಷ್ಟು ವಯಸ್ಸಾದರೂ ಬುದ್ಧಿ ಬಂದಿಲ್ಲವಲ್ಲ" ಎನಿಸುತ್ತದೆ.

'ರೋಸಾನ್' ಕಥೆ ಎಲ್ಲಕ್ಕಿಂತ ವಿಚಿತ್ರ. 1997ರಲ್ಲಿ ಮುಗಿದಿದ್ದ ಅದು 2018ರ ಮಾರ್ಚ್‌ನಲ್ಲಿ ಮರಳಿದಾಗ ಮೊದಲ ರಾತ್ರಿಯೇ ಸುಮಾರು 1.8 ಕೋಟಿ ಜನ ನೋಡಿದರು. ಎರಡೇ ತಿಂಗಳಲ್ಲಿ ಮುಖ್ಯ ನಟಿಯ ಜನಾಂಗೀಯ ನಿಂದನೆಯ ಟ್ವೀಟ್ ಕಾರಣಕ್ಕೆ ಎಬಿಸಿ ವಾಹಿನಿ ಧಾರಾವಾಹಿಯನ್ನೇ ರದ್ದು ಮಾಡಿತು. ಪಾತ್ರವನ್ನು ಪ್ರೀತಿಸಿದವರಿಗೆ ಪಾತ್ರಧಾರಿಯ ನಡತೆ ನುಂಗಲಾರದ ತುತ್ತಾಯಿತು. ಕುಟುಂಬದ ಉಳಿದ ಸದಸ್ಯರನ್ನು ಇಟ್ಟುಕೊಂಡು 'ದ ಕಾನರ್ಸ್' ಹೆಸರಿನಲ್ಲಿ ಮುಂದುವರಿದ ಕಥೆ ಏಳು ಸೀಸನ್ ನಡೆಯಿತು. ಮರಳಿ ಬಂದದ್ದೆಲ್ಲ ಸೋಲುತ್ತದೆ ಎಂಬ ಮಾತೂ ನಿಜವಲ್ಲ ಎಂಬುದಕ್ಕೆ ಇದು ಸಾಕ್ಷಿ.

2021ರ 'ಫ್ರೆಂಡ್ಸ್: ದ ರಿಯೂನಿಯನ್' ಬೇರೆ ಹಾದಿ ಹಿಡಿಯಿತು. ಹೊಸ ಕಥೆಯ ಗೋಜಿಗೇ ಹೋಗದೆ ಆರೂ ನಟರನ್ನು ಹಳೆಯ ಸೆಟ್ಟಿನಲ್ಲಿ ಕೂರಿಸಿ ಮಾತಾಡಿಸಿತು. ಪಾತ್ರಗಳ ಮುಂದಿನ ಬದುಕನ್ನು ಪ್ರೇಕ್ಷಕರ ಕಲ್ಪನೆಗೇ ಬಿಟ್ಟದ್ದರಿಂದ ಹಳೆಯ ನೆನಪು ಮುಕ್ಕಾಗಲಿಲ್ಲ.

ಅಭಿಮಾನಿಗಳು ಕೂಗೆಬ್ಬಿಸಿದರೆ ಧಾರಾವಾಹಿ ಮರಳುತ್ತದೆಯೇ?

2018ರ ಮೇ 10ರಂದು ಫಾಕ್ಸ್ ವಾಹಿನಿ 'ಬ್ರೂಕ್ಲಿನ್ ನೈನ್-ನೈನ್' ಅನ್ನು ನಿಲ್ಲಿಸಿತು. ಟ್ವಿಟರ್ ತುಂಬ ಅಭಿಮಾನಿಗಳ ಆಕ್ರೋಶ ಹರಿಯಿತು. ಮರುದಿನವೇ ಎನ್‌ಬಿಸಿ ಅದನ್ನು ಎತ್ತಿಕೊಂಡಿತು. "ನೋಡಿ, ಅಭಿಮಾನಿಗಳ ಶಕ್ತಿ!" ಎಂದು ಎಲ್ಲರೂ ಹೇಳಿದರು. ಅದರಲ್ಲಿ ಸತ್ಯವಿದೆ, ಪೂರ್ತಿಯಾಗಿ ಅಲ್ಲ. ಆ ಧಾರಾವಾಹಿಯನ್ನು ತಯಾರಿಸುತ್ತಿದ್ದದ್ದು ಎನ್‌ಬಿಸಿಯ ಮಾತೃಸಂಸ್ಥೆಗೇ ಸೇರಿದ ಸ್ಟುಡಿಯೋ. ತಮ್ಮ ಮನೆಯದೇ ಸರಕನ್ನು ತಮ್ಮ ಅಂಗಡಿಯಲ್ಲೇ ಮಾರುವುದು ಲಾಭದ ಮಾತಾಗಿತ್ತು. ಅಭಿಮಾನಿಗಳ ಕೂಗು ಆ ಸರಕಿಗೆ ಗಿರಾಕಿಗಳಿದ್ದಾರೆಂದು ತೋರಿಸಿಕೊಟ್ಟಿತು.

'ಫ್ಯಾಮಿಲಿ ಗೈ' ಎಂಬ ಅನಿಮೇಶನ್ ಹಾಸ್ಯ ಧಾರಾವಾಹಿ 2002ರಲ್ಲಿ ನಿಂತು 2005ರಲ್ಲಿ ಮರಳಲು ಕಾರಣ ಡಿವಿಡಿ ಮಾರಾಟ ಮತ್ತು ಮರುಪ್ರಸಾರಕ್ಕೆ ಸಿಕ್ಕ ಜನಪ್ರಿಯತೆ. ಇಲ್ಲೂ ಮಾತಾಡಿದ್ದು ಲೆಕ್ಕವೇ. ಓಟಿಟಿ ಸಂಸ್ಥೆಗಳಿಗೆ ಹಳೆಯ ಹೆಸರು ಎಂದರೆ ಈಗಾಗಲೇ ಪ್ರಚಾರ ಮುಗಿದ ಸರಕು. ಹೊಸ ಧಾರಾವಾಹಿಯ ಹೆಸರನ್ನು ಜನರ ಬಾಯಲ್ಲಿ ಕೂರಿಸಲು ಬೇಕಾದ ಖರ್ಚು ಇಲ್ಲಿ ಉಳಿಯುತ್ತದೆ. ನಮ್ಮ ನೆನಪಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ ಎಂಬುದನ್ನು ನೋಡುಗರು ತಿಳಿದಿರುವುದು ಒಳ್ಳೆಯದು.

ಹಳೆಯ ಕಂತುಗಳನ್ನೇ ಮತ್ತೆ ಮತ್ತೆ ನೋಡುವುದು ತಪ್ಪೇ?

"ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯ?" ಎಂದು ಬೈಸಿಕೊಂಡವರಿಗೆ ಸಮಾಧಾನದ ಸುದ್ದಿಯಿದೆ. ಜೇ ಡೆರಿಕ್, ಶೀರಾ ಗೇಬ್ರಿಯಲ್ ಮತ್ತು ಕರ್ಟ್ ಹ್ಯೂಗನ್‌ಬರ್ಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಜನ ಒಂಟಿತನ ಅನಿಸಿದಾಗ ಮೆಚ್ಚಿನ ಟಿವಿ ಕಾರ್ಯಕ್ರಮದ ಕಡೆ ತಿರುಗುತ್ತಾರೆ ಮತ್ತು ಅದನ್ನು ನೋಡುವಾಗ ಒಂಟಿತನ ಕಡಿಮೆಯಾದಂತೆ ಅವರಿಗೆ ಅನಿಸುತ್ತದೆ. ಯಾವುದೋ ಒಂದು ಕಾರ್ಯಕ್ರಮವಾದರೆ ಸಾಲದು, ಮೆಚ್ಚಿನದೇ ಆಗಬೇಕು.

ಕ್ರಿಸ್ಟಲ್ ರಸೆಲ್ ಮತ್ತು ಸಿಡ್ನಿ ಲೆವಿ 2012ರಲ್ಲಿ, ಓದಿದ ಪುಸ್ತಕವನ್ನೇ ಓದುವ, ನೋಡಿದ ಸಿನಿಮಾವನ್ನೇ ನೋಡುವ ಜನರನ್ನು ವಿವರವಾಗಿ ಮಾತಾಡಿಸಿದರು. ಕಥೆ ಬದಲಾಗದಿದ್ದರೂ ನೋಡುವ ತಾವು ಬದಲಾಗಿರುವುದರಿಂದ ಅದೇ ದೃಶ್ಯದಲ್ಲಿ ಹೊಸದೇನೋ ಕಾಣುತ್ತದೆ ಎಂಬುದು ಅವರ ಅನುಭವವಾಗಿತ್ತು. ಅಂದು ಮಗನ ಪಕ್ಷ ವಹಿಸಿ ನಕ್ಕವರು ಇಂದು ಅಪ್ಪನ ಪಕ್ಷ ವಹಿಸಿ ನಗಬಹುದು.

ಎಚ್ಚರ ಬೇಕಾದದ್ದು ಒಂದು ಕಡೆ. ಟಿವಿಯ ಪಾತ್ರ ಒಂಟಿತನದ ಕ್ಷಣವನ್ನು ದಾಟಿಸಬಲ್ಲದು, ಆದರೆ ಜ್ವರ ಬಂದಾಗ ಗಂಜಿ ಮಾಡಿ ತರಲಾರದು. ಹಳೆಯ ಕಂತುಗಳ ಮುಂದೆ ಕೂತು ಕೂತು ನಿದ್ದೆ ಕೆಡುತ್ತಿದ್ದರೆ, ಬಂದ ಫೋನ್ ಎತ್ತಲು ಮನಸ್ಸಾಗದಿದ್ದರೆ, ಬಹುದಿನಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಆಗ ಗಮನಿಸಬೇಕಾದದ್ದು ಧಾರಾವಾಹಿಯನ್ನಲ್ಲ, ಮನಸ್ಸಿನ ಆರೋಗ್ಯವನ್ನು. ಆಪ್ತರ ಬಳಿ ಹೇಳಿಕೊಳ್ಳುವುದು, ಬೇಕಿದ್ದರೆ ವೈದ್ಯರನ್ನು ಕಾಣುವುದು ಒಳಿತು.

ಹಾಗಾದರೆ ಏನು ಮಾಡಬೇಕು?

ಹಿಂದೆ ನೆನಪಿಟ್ಟುಕೊಳ್ಳಿ ಎಂದು ಹೇಳಿದ ಅಂಶಕ್ಕೆ ಈಗ ಬರೋಣ. ನಗು ಜೊತೆಗಾರರ ನಡುವೆ ಹುಟ್ಟುತ್ತದೆ. ನೆನಪಿನ ತಿರುಳೂ ಜನರೇ. ಹದಿನೈದು-ಇಪ್ಪತ್ತು ವರ್ಷಗಳ ಹಿಂದೆ ಇಡೀ ಮನೆ ಒಂದೇ ಟಿವಿಯ ಮುಂದೆ, ಒಂದೇ ಹೊತ್ತಿಗೆ ಕೂತು ನೋಡುತ್ತಿತ್ತು. ಇಂದು ಅದರ ಹೊಸ ಅವತಾರವನ್ನು ಒಬ್ಬರು ಬಸ್ಸಿನಲ್ಲಿ ಮೊಬೈಲ್ ಹಿಡಿದು ನೋಡುತ್ತಾರೆ, ಇನ್ನೊಬ್ಬರು ರಾತ್ರಿ ಹನ್ನೊಂದಕ್ಕೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ನಂತರ "ಮೊದಲಿನ ಮಜಾ ಇಲ್ಲ" ಎಂದರೆ, ಆ ಮಜಾದಲ್ಲಿ ಧಾರಾವಾಹಿಯ ಪಾಲೆಷ್ಟು, ಪಕ್ಕದಲ್ಲಿ ಕೂತಿದ್ದವರ ಪಾಲೆಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ. ವಾಹಿನಿಗಳು ಪಾತ್ರಗಳನ್ನು ಮರಳಿ ತರಬಲ್ಲವು, ಸೆಟ್ಟನ್ನು ಮತ್ತೆ ಕಟ್ಟಬಲ್ಲವು. ಹಜಾರದಲ್ಲಿ ಅಂದು ನಮ್ಮ ಜೊತೆ ಚಾಪೆಯ ಮೇಲೆ ಕೂತಿದ್ದವರನ್ನು ಕರೆತರುವುದು ಅವುಗಳ ಕೈಲಿಲ್ಲ.

ಅದು ಸ್ವಲ್ಪಮಟ್ಟಿಗೆ ನಮ್ಮ ಕೈಲಿದೆ. ಮುಂದಿನ ಸಲ ಮೆಚ್ಚಿನ ಧಾರಾವಾಹಿ ಮರಳಿ ಬಂದಾಗ ಮೊದಲ ಕಂತನ್ನು ಒಬ್ಬರೇ ನೋಡಬೇಡಿ. ಅಂದು ಜೊತೆಗಿದ್ದವರಲ್ಲಿ ಯಾರನ್ನಾದರೂ ಕರೆಯಿರಿ. ಬರಲಾಗದಷ್ಟು ದೂರದಲ್ಲಿದ್ದರೆ ಫೋನ್ ಹಚ್ಚಿ, ಇಬ್ಬರೂ ಒಂದೇ ಹೊತ್ತಿಗೆ ನೋಡಿ. ಎರಡು-ಮೂರು ಕಂತು ಕಳೆಯುವವರೆಗೆ ಹಳೆಯದರ ಜೊತೆ ಹೋಲಿಸುವುದನ್ನು ತಡೆಹಿಡಿಯಿರಿ. ಚೆನ್ನಾಗಿದ್ದರೆ ಜೊತೆಯಾಗಿ ನಗಬಹುದು. ಚೆನ್ನಾಗಿಲ್ಲದಿದ್ದರೆ ಜೊತೆಯಾಗಿ ಬೈಯಬಹುದು, ಅದರ ಖುಷಿಯೂ ಕಡಿಮೆಯದಲ್ಲ.